ಕ್ರಷರ್ ದೂಳು ಶ್ವಾಸಕೋಶದ ಕಾವಲು ಕೋಶಗಳಿಗೆ ಏನು ಮಾಡುತ್ತದೆ?

ಚಿತ್ರದುರ್ಗದ ಸುತ್ತಮುತ್ತ ಜಲ್ಲಿ ಕ್ರಷರ್‌ಗಳಲ್ಲಿ ದುಡಿಯುವವರು ಮೂಗಿಗೆ ಟವೆಲ್ ಸುತ್ತಿಕೊಳ್ಳುತ್ತಾರೆ. ಟವೆಲ್ ತಡೆಯುವುದು ಕಣ್ಣಿಗೆ ಕಾಣುವ ದೂಳನ್ನು. ಆ ದೂಳು ಒಳಹೋದರೂ ಬಹುಮಟ್ಟಿಗೆ ಮೂಗು, ಗಂಟಲಲ್ಲೇ ಸಿಕ್ಕಿ ಕಫದಲ್ಲಿ ಹೊರಬೀಳುತ್ತದೆ. ಕೇಡು ಇರುವುದು ಸುಮಾರು 4 ಮೈಕ್ರಾನ್‌ಗಿಂತ ಸಣ್ಣ ಕಣದಲ್ಲಿ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದು ಬಟ್ಟೆಯಲ್ಲಿ ನುಸುಳಿ ಶ್ವಾಸಕೋಶದ ಗಾಳಿಚೀಲದವರೆಗೂ ಇಳಿಯುತ್ತದೆ.

ಅಲ್ಲಿ ಕಾವಲಿರುವುದು ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶ. ರೋಗಾಣು, ಮಸಿ, ದೂಳು ಏನೇ ಬರಲಿ, ನುಂಗಿ ಲೈಸೋಸೋಮ್ ಎಂಬ ಒಳಚೀಲಕ್ಕೆ ಹಾಕಿಕೊಳ್ಳುತ್ತದೆ. ಗ್ರಾನೈಟ್‌ನ ಕ್ವಾರ್ಟ್ಜ್, ಅಂದರೆ ಹರಳು ಸಿಲಿಕಾ, ಅಲ್ಲಿ ಅರಗುವುದಿಲ್ಲ. ಆ ಚೀಲವನ್ನೇ ಹರಿದುಬಿಡುತ್ತದೆ. ಕಿಣ್ವಗಳು ಕೋಶದೊಳಕ್ಕೆ ಸೋರುತ್ತವೆ. ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನ್ ಎಚ್ಚೆತ್ತು ಐಎಲ್-1 ಬೀಟಾ ಎಂಬ ಉರಿಯೂತದ ಸಂಕೇತ ಹೊರಡುತ್ತದೆ (2008ರಲ್ಲಿ ಪ್ರಕಟವಾದ ಸಂಶೋಧನೆಗಳು ಈ ಕೊಂಡಿಯನ್ನು ತೋರಿಸಿದವು). ಕೋಶ ಸಾಯುತ್ತದೆ, ಕಣ ಉಳಿಯುತ್ತದೆ. ಅದನ್ನೇ ಇನ್ನೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಸುತ್ತ ಗಾಯದ ನಾರು ಕಟ್ಟುತ್ತಾ ಹೋಗುತ್ತದೆ. ಸಿಲಿಕಾ ದೂಳಿನಿಂದ ಬರುವ ಈ ಶ್ವಾಸಕೋಶದ ಕಾಯಿಲೆಯೇ ಸಿಲಿಕೋಸಿಸ್; ಕೆಲಸ ಬಿಟ್ಟ ಮೇಲೂ ಅದು ಬೆಳೆಯುವುದು ಹೀಗೆ. ಕಟ್ಟಿದ ನಾರನ್ನು ಕರಗಿಸುವ ಔಷಧಿ ಇಲ್ಲ.

ಕ್ಷಯದ ರೋಗಾಣುವನ್ನು ಹಿಡಿದಿಡಬೇಕಾದದ್ದೂ ಇದೇ ಕೋಶ. ಅದು ಸೋತರೆ ಟಿಬಿಗೆ ದಾರಿ ಸಲೀಸು. ಆದ್ದರಿಂದ ಕ್ರಷರ್‌ನವರಿಗೆ ಎರಡು ವಾರವಾದರೂ ಕೆಮ್ಮು ಬಿಡದಿದ್ದರೆ ಸಿರಪ್ ಕುಡಿದು ಸುಮ್ಮನಿರಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಎಕ್ಸ್‌ರೇ ತೆಗೆಸಿದಾಗ ಏನು ಕೆಲಸ, ಎಷ್ಟು ವರ್ಷ ಎಂದು ಡಾಕ್ಟರಿಗೆ ತಪ್ಪದೇ ಹೇಳಿ. ಹೇಳದಿದ್ದರೆ ಸಿಲಿಕೋಸಿಸ್ ಗಂಟುಗಳನ್ನೂ ಟಿಬಿ ಎಂದೇ ಓದಿಬಿಡಬಹುದು.

ಆಗಷ್ಟೇ ಒಡೆದ ಕಲ್ಲಿನ ದೂಳು ಹಳೆಯ ದೂಳಿಗಿಂತ ಕೆಟ್ಟದ್ದು. ಒಡೆದ ಮೈಮೇಲೆ, ಸಿಕ್ಕಿದ್ದರೊಡನೆ ತಟ್ಟನೆ ಪ್ರತಿಕ್ರಿಯಿಸುವ ರ‍್ಯಾಡಿಕಲ್‌ಗಳು ಇನ್ನೂ ಚುರುಕಾಗಿರುತ್ತವೆ. ಹಾಗಾಗಿ ನೀರು ಬೀಳಬೇಕಾದದ್ದು ಜಾ ಕ್ರಷರ್ (ದವಡೆಯಂತೆ ಕಲ್ಲು ಒಡೆಯುವ ಯಂತ್ರ) ಬಾಯಿಗೆ, ಬೆಲ್ಟಿನಿಂದ ಜಲ್ಲಿ ಉದುರುವ ಕಡೆಗೆ, ಡ್ರಿಲ್ ಬಿಟ್ಟಿನ ತುದಿಗೆ. ರಸ್ತೆಗೆ ಮಾತ್ರ ಟ್ಯಾಂಕರ್ ನೀರು ಹೊಡೆದರೆ ಅರ್ಧ ಕೆಲಸವೂ ಆಗಲಿಲ್ಲ. ಗಡಸು ಬೋರ್‌ವೆಲ್ ನೀರಿಗೆ ನಾಝಲ್ ಉಪ್ಪುಕಟ್ಟಿ ಮುಚ್ಚಿಕೊಳ್ಳುತ್ತದೆ. ಶಿಫ್ಟ್ ಶುರುವಾಗುವ ಮುಂಚೆ ಒಮ್ಮೆ ನೀರು ಬಿಟ್ಟು ನೋಡಬೇಕು, ಕಟ್ಟಿದ್ದರೆ ಬಿಚ್ಚಿ ತೊಳೆಯಬೇಕು.

ಎನ್95 ಮಾಸ್ಕ್‌ಗೆ ಎರಡೂ ಪಟ್ಟಿ ಹಾಕಿ, ಮೂಗಿನ ಮೇಲಿನ ತಗಡನ್ನು ಒತ್ತಿ ಕೂರಿಸಿ. ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ಸೋರುತ್ತದೆ. ಬೆವರಿಗೆ ನೆನೆದು ಉಸಿರು ಬಿಗಿಯಾದರೆ ಬದಲಿಸಿ.

ಸಂಜೆ ಕಂಪ್ರೆಸರ್ ಪೈಪಿನಿಂದ ಬಟ್ಟೆ ಊದಿಕೊಳ್ಳುವ ರೂಢಿ ಮೊದಲು ನಿಲ್ಲಬೇಕು. ಕೂತ ಕಣವೆಲ್ಲ ಎದ್ದು ಮುಖದ ಮುಂದೆಯೇ ಸುತ್ತುತ್ತದೆ. ಬಟ್ಟೆಯನ್ನು ಅಲ್ಲೇ ಬಿಚ್ಚಿ ನೀರಲ್ಲಿ ನೆನೆಹಾಕಿ; ಕೊಡವಬೇಡಿ, ಮನೆಯ ಬಟ್ಟೆಯ ಜೊತೆ ಸೇರಿಸಬೇಡಿ.