ನೀರೇ ಇಲ್ಲದ ಹಳ್ಳದಲ್ಲಿ ಚಿನ್ನ ಹೇಗೆ ಸಿಗುತ್ತೆ?

ಊರಿಗೆ ಫೋನ್ ಮಾಡಿದಾಗ ದೊಡ್ಡಪ್ಪ ಕೇಳುತ್ತಾರೆ. ಇಲ್ಲಿ ಫೀನಿಕ್ಸಿನಲ್ಲಿ ಕನ್ನಡದವರ ಮನೆಗೆ ಊಟಕ್ಕೆ ಹೋದರೆ ಅಲ್ಲೂ ಯಾರಾದರೂ ಕೇಳುತ್ತಾರೆ: "ಅರಿಜೋನಾ ಅಂದ್ರೆ ಮರಳುಗಾಡು. ಹಳ್ಳದಲ್ಲಿ ಒಂದು ಹನಿ ನೀರಿಲ್ಲ. ಅಲ್ಲಿ ಚಿನ್ನ ಎಲ್ಲಿಂದ ಬರುತ್ತೆ, ನೀವು ಹೇಗೆ ಹುಡುಕ್ತೀರಿ?"

ನಾವು ಹೋದ ದಿನ ನೀರಿರುವುದಿಲ್ಲ, ಅಷ್ಟೇ. ಜುಲೈ, ಆಗಸ್ಟಿನಲ್ಲಿ ಇಲ್ಲಿ ಗುಡುಗು ಮಳೆ ಬರುತ್ತದೆ. ಬೆಟ್ಟದ ಮೇಲೆ ಸುರಿದದ್ದು ಸ್ವಲ್ಪ ಹೊತ್ತಿನಲ್ಲೇ ಕೆಂಪು ನೆರೆಯಾಗಿ ಹಳ್ಳಕ್ಕೆ ನುಗ್ಗುತ್ತದೆ. ಬಂಡೆಗಳನ್ನೇ ಉರುಳಿಸುವಷ್ಟು ರಭಸ. ಆಮೇಲೆ ಹಳ್ಳ ಮತ್ತೆ ಒಣಗಿ ಹೋಗುತ್ತದೆ. ಸಾವಿರಾರು ವರ್ಷಗಳಿಂದ ಇಂಥ ನೆರೆಗಳೇ ಚಿನ್ನವನ್ನು ಬೆಟ್ಟದಿಂದ ಕೆಳಗೆ ತಂದಿವೆ. ಹಾಗಾಗಿ ಹಳ್ಳಕ್ಕೆ ಇಳಿದ ಕೂಡಲೇ ನಾನು ಗುದ್ದಲಿ ಎತ್ತುವುದಿಲ್ಲ. ಸುಮ್ನೆ ಅರ್ಧ ಗಂಟೆ ಓಡಾಡಿ, ನೀರು ಎಲ್ಲಿ ಜೋರಾಗಿ ಹರಿದಿದೆ, ಎಲ್ಲಿ ಸುಸ್ತಾಗಿದೆ ಅಂತ ನೋಡುತ್ತೇನೆ.

ಚಿನ್ನ ನೀರಿಗಿಂತ 19 ಪಟ್ಟು ಭಾರ. ಬೆಣಚುಕಲ್ಲು ಮೂರು ಪಟ್ಟೂ ಇಲ್ಲ. ನೀರಿನ ಓಟ ಸ್ವಲ್ಪ ತಗ್ಗಿದರೆ ಸಾಕು, ಚಿನ್ನ ಎಲ್ಲಕ್ಕಿಂತ ಮೊದಲು ಕೂತುಬಿಡುತ್ತದೆ. ಹಳ್ಳ ತಿರುಗುವ ಕಡೆ ಒಳಮಗ್ಗುಲು, ದೊಡ್ಡ ಬಂಡೆಯ ಹಿಂಬದಿ, ಹಾಸುಬಂಡೆಯ ಬಿರುಕು, ಇವೆಲ್ಲ ನೋಡಲೇಬೇಕಾದ ಜಾಗಗಳು. ಬಂಡೆಯ ಸಂದಿಗೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ. ಇಲ್ಲಿ ಗಿಲಕಿ ಹಾವು ಜಾಸ್ತಿ.

ಒಣಹಳ್ಳಕ್ಕೂ ನದಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ನದಿಯಲ್ಲಿ ನೀರು ಕಲ್ಲುಗಳನ್ನು ಅಲ್ಲಾಡಿಸುತ್ತಲೇ ಇರುತ್ತದೆ, ಚಿನ್ನ ನಿಧಾನಕ್ಕೆ ತಳದ ಬಂಡೆಗೆ ಇಳಿಯುತ್ತದೆ. ಇಲ್ಲಿ ನೆರೆ ತಟ್ಟನೆ ನಿಂತು ಹೋಗುವುದರಿಂದ ಎಷ್ಟೋ ಚಿನ್ನ ನಡುವಿನ ಪದರಗಳಲ್ಲೇ ಸಿಕ್ಕಿಕೊಳ್ಳುತ್ತದೆ. ಅದರಲ್ಲೂ ಕಲೀಚೆ ಅಂತ ಒಂದು ಪದರ ಇರುತ್ತದೆ. ಸುಣ್ಣ ಸೇರಿ ಗಾರೆಯಂತೆ ಗಟ್ಟಿಯಾದ ಮಣ್ಣು. ಚಿನ್ನ ಅದನ್ನು ದಾಟಿ ಕೆಳಗೆ ಹೋಗಲಾರದೆ ಅದರ ಮೇಲೇ ನಿಲ್ಲುತ್ತದೆ. ಕಲೀಚೆ ಕಂಡರೆ ನಾನು ಗುದ್ದಲಿ ಕೆಳಗಿಟ್ಟು ಪೊರಕೆ ಹಿಡಿಯುತ್ತೇನೆ. ಅದರ ಮೇಲಿನ ಎರಡು ಬೆರಳು ಮಣ್ಣನ್ನು ಪೂರ್ತಿ ಗುಡಿಸಿಕೊಳ್ಳಬೇಕು.

ಇನ್ನು ತೊಳೆಯಲು ನೀರಿಲ್ಲವಲ್ಲ? ಕಣದಲ್ಲಿ ರಾಗಿ ತೂರುವುದನ್ನು ನೋಡಿದ್ದರೆ ಇದು ನಿಮಗೆ ಗೊತ್ತಿರುವ ಕೆಲಸವೇ. ಹಿಂದೆ ಮೆಕ್ಸಿಕೋದ ಗಣಿ ಕೆಲಸದವರು ಒಣಮಣ್ಣನ್ನು ಕಂಬಳಿಯಲ್ಲಿ ಹಾಕಿ ಗಾಳಿಗೆ ಎಗರಿಸುತ್ತಿದ್ದರು. ಹಗುರವಾದದ್ದು ಹಾರಿ ಹೋಗಿ ಭಾರವಾದದ್ದು ಉಳಿಯುತ್ತಿತ್ತು. ಈಗ ಅದಕ್ಕೆ ಡ್ರೈವಾಷರ್ ಇದೆ. ಮೇಲೆ ಜರಡಿ, ಕೆಳಗೆ ಓರೆಯಾಗಿಟ್ಟ ಹಲಗೆ. ಹಲಗೆಯ ತಳಕ್ಕೆ ಬಟ್ಟೆ, ಅದರ ಮೇಲೆ ಅಡ್ಡಪಟ್ಟಿಗಳು, ಅಡಿಯಲ್ಲಿ ತಿದಿ. ತಿದಿ ಒಂದೊಂದು ಸಲ ಊದಿದಾಗಲೂ ಮಣ್ಣು ಎದ್ದು ಪಟ್ಟಿ ದಾಟಿ ಜಾರುತ್ತದೆ, ಚಿನ್ನ ಪಟ್ಟಿಯ ಹಿಂದೆ ಉಳಿಯುತ್ತದೆ. ಮಣ್ಣು ಮಾತ್ರ ಪೂರ್ತಿ ಒಣಗಿರಬೇಕು. ಮುಷ್ಟಿಯಲ್ಲಿ ಹಿಡಿದಾಗ ಉಂಡೆ ಕಟ್ಟಿದರೆ ಆ ದಿನ ವಾಪಸ್ ಬಂದುಬಿಡಿ. ಒಳ್ಳೆ ಮಾಸ್ಕ್ ಇಲ್ಲದೆ ಈ ಯಂತ್ರದ ಹತ್ತಿರ ನಿಲ್ಲಲೇಬೇಡಿ. ಇಲ್ಲಿನ ಮಣ್ಣಿನಲ್ಲಿರುವ ಶಿಲೀಂಧ್ರ ಧೂಳಿನ ಜೊತೆ ಎದೆಗೆ ಇಳಿದು ವ್ಯಾಲಿ ಫೀವರ್ ಅನ್ನುವ ಶ್ವಾಸಕೋಶದ ಕಾಯಿಲೆ ತರುತ್ತದೆ.

ಉಳಿದ ಒಂದೆರಡು ಬೊಗಸೆ ಮಣ್ಣನ್ನು ಮನೆಗೆ ತಂದು ಟಬ್ಬಿನಲ್ಲಿ ಜಾಲಿಸುತ್ತೇನೆ, ಅಕ್ಕಿ ಜಾಲಿಸಿ ಕಲ್ಲು ತೆಗೆದ ಹಾಗೆಯೇ. ಕೊನೆಗೆ ತಟ್ಟೆಯಲ್ಲಿ ಕಪ್ಪು ಮರಳು ಮಾತ್ರ ಇರುತ್ತದೆ. ನೀರನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದರೆ ಕಪ್ಪು ಹಿಂದೆ ಸರಿದು, ಸಾಸಿವೆಗಿಂತ ಚಿಕ್ಕದಾದ ಹಳದಿ ಚುಕ್ಕೆ ಅಲ್ಲಾಡದೆ ಉಳಿಯುತ್ತದೆ. ಕೈ ಅಡ್ಡ ಹಿಡಿದು ನೆರಳು ಮಾಡಿ ನೋಡಿ. ಚಿನ್ನದಂತೆ ಹೊಳೆಯುವ ಅಭ್ರಕ ಮಂಕಾಗುತ್ತದೆ, ಚಿನ್ನ ಹಾಗೇ ಹಳದಿಯಾಗಿರುತ್ತದೆ. ನನಗೆ ಅದೊಂದು ಚುಕ್ಕೆ ಕಂಡರೆ ಇಡೀ ದಿನದ ಬೆನ್ನುನೋವು ಮರೆತು ಹೋಗುತ್ತದೆ.

ಗುಡ್ಡದ ಮೇಲಿನ ಚಿನ್ನದ್ದು ಬೇರೆಯದೇ ಕಥೆ. ಅದು ನೀರಿನಲ್ಲಿ ದೂರ ಬಂದಿರುವುದಿಲ್ಲ. ಬಂಡೆ ಸವೆದು ಪುಡಿಯಾದ ಮೇಲೆ ಅಲ್ಲೇ ಉಳಿದದ್ದು, ಸ್ವಲ್ಪ ಕೆಳಗೆ ಜಾರಿದ್ದು. ಇದೇ ಅರಿಜೋನಾದ ರಿಚ್ ಹಿಲ್‌ನಲ್ಲಿ 1863ರಲ್ಲಿ ಪೀಪಲ್ಸ್ ಮತ್ತು ವೀವರ್ ಅವರ ತಂಡಕ್ಕೆ ಗುಡ್ಡದ ನೆತ್ತಿಯಲ್ಲೇ ಚಿನ್ನದ ಗಟ್ಟಿಗಳು ಸಿಕ್ಕವು. ಚಾಕುವಿನಿಂದ ಬಿರುಕುಗಳನ್ನು ಕೆದಕಿ ತೆಗೆದರು. ನಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲೂ ಜಾಲಗಾರರು ಮಳೆಯ ನಂತರ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು. ಆ ಚಿನ್ನವೂ ಮೇಲಿನ ಗುಡ್ಡದ ಕಲ್ಲಿನಿಂದ ಬಂದದ್ದೇ ಅಲ್ವಾ?

ಗುಡ್ಡದಲ್ಲಿ ಹುಡುಕುವ ಕ್ರಮಕ್ಕೆ ತಾಳ್ಮೆ ಬೇಕು. ಬುಡದಲ್ಲಿ ಅಡ್ಡಸಾಲಾಗಿ ಹತ್ತು ಹೆಜ್ಜೆಗೊಂದು ಚೀಲ ಮಣ್ಣು ತೆಗೆದು, ಪ್ರತಿ ಚೀಲಕ್ಕೂ ನಂಬರು ಬರೆದು, ಬೇರೆ ಬೇರೆಯಾಗಿ ಜಾಲಿಸಿ ಚುಕ್ಕೆ ಎಣಿಸಬೇಕು. ಆಮೇಲೆ ಸ್ವಲ್ಪ ಮೇಲೆ ಇನ್ನೊಂದು ಸಾಲು. ಮೇಲೆ ಹೋದಂತೆ ಚಿನ್ನ ಸಿಗುವ ಅಗಲ ಕಿರಿದಾಗುತ್ತದೆ, ಬೀಸಣಿಗೆಯನ್ನು ಹಿಡಿಯ ಕಡೆಗೆ ನೋಡಿದ ಹಾಗೆ. ಚುಕ್ಕೆಗಳ ಅಂಚು ಚೂಪಾಗಿದ್ದು ಬೆಣಚುಕಲ್ಲಿನ ಚೂರು ಅಂಟಿದ್ದರೆ ಚಿನ್ನ ಹೊರಟ ಮೂಲ ಬಂಡೆ ಹತ್ತಿರದಲ್ಲೇ ಇದೆ. ಒಂದು ಕಡೆ ಚಿನ್ನ ಪೂರ್ತಿ ನಿಂತು ಹೋಗುತ್ತದೆ. ಅದರ ಸ್ವಲ್ಪ ಕೆಳಗೇ ಅಗೆಯಬೇಕು.

ಆ ಜಾಗ ಬೇರೆಯವರ ಕ್ಲೇಮ್ (ಗಣಿ ಹಕ್ಕು ಪಡೆದುಕೊಂಡ ಜಾಗ) ಅಲ್ಲ ಅಂತ ಮೊದಲೇ ದಾಖಲೆ ನೋಡಿಕೊಂಡಿರಬೇಕು. ನಾನು ಹೋಗುವ ಗುಡ್ಡದಲ್ಲಿ ಮೂರು ಸಾಲು ಮುಗಿದಿವೆ: ಕೆಳಗಿನ ಸಾಲಿನಲ್ಲಿ ಒಂಬತ್ತು ಚೀಲಕ್ಕೆ ಚಿನ್ನ ಬಂತು, ನಡುವೆ ಐದಕ್ಕೆ, ಮೇಲೆ ಎರಡಕ್ಕೆ. ಬಿಸಿಲು ಇಳಿದ ಮೇಲೆ, ಅಕ್ಟೋಬರಿನಲ್ಲಿ, ನಾಲ್ಕನೇ ಸಾಲು.