ರೆಸಾರ್ಟ್‌ಗಿಂತ ಊರೇ ವಾಸಿ: ಸ್ಯಾಂಟೊ ಡೊಮಿಂಗೊ, ಪುಂಟಾ ಕಾನಾ

ಕೆರಿಬಿಯನ್‌ನ ಡೊಮಿನಿಕನ್ ರಿಪಬ್ಲಿಕ್ ದೇಶದ ಕಡಲೂರು ಪುಂಟಾ ಕಾನಾದ ಆಲ್ ಇನ್‌ಕ್ಲೂಸಿವ್ ರೆಸಾರ್ಟ್‌ಗಳಲ್ಲಿ ಬಾಡಿಗೆ ಕೋಣೆಗಲ್ಲ, ತಲೆಗಿಷ್ಟು ಅಂತ. ಊಟ, ಕುಡಿತ ಎಲ್ಲಾ ಅದರಲ್ಲೇ. ಮಾಂಸ ತಿನ್ನದ, ಬಿಯರ್ ಮುಟ್ಟದ ನಮ್ಮಂಥ ಗಂಡ ಹೆಂಡತಿ ಹೋದರೆ ಪಕ್ಕದ ಟೇಬಲ್‌ನವರ ಗ್ಲಾಸಿಗೂ ನಾವೇ ದುಡ್ಡು ಕಟ್ಟಿದ ಹಾಗೆ, ಅಲ್ವಾ? ಸಮುದ್ರ ಕಾಣುವ ಕೋಣೆ ಅಂತ ಇನ್ನಷ್ಟು ಕಿತ್ತರು. ಬಾಲ್ಕನಿಯಲ್ಲಿ ಕತ್ತು ಚಾಚಿ ನೋಡಿದರೆ ತೆಂಗಿನ ಮರಗಳ ಸಂದಿಯಲ್ಲಿ ಒಂದು ನೀಲಿ ಪಟ್ಟಿ, ಅಷ್ಟೇ. ನಾವು ಹೋಗಿದ್ದು ಜೂನ್‌ನಲ್ಲಿ. ಆಗ ಸರ್ಗಾಸಮ್ ಅನ್ನೋ ಕಂದು ಪಾಚಿ ದಡಕ್ಕೆ ಬಂದು ಬೀಳುತ್ತದೆ. ಬೆಳಿಗ್ಗೆ ಬಾಚಿ ಹಾಕುತ್ತಾರೆ, ಮಧ್ಯಾಹ್ನ ಮತ್ತೆ ರಾಶಿ, ಕೊಳೆತ ಮೊಟ್ಟೆಯ ವಾಸನೆ. ನೀಲಿ ನೀರೇ ಬೇಕು ಅನ್ನುವವರು ಚಳಿಗಾಲದಲ್ಲಿ ಹೋಗಿ.

ಇನ್ನೊಂದು ವಿಷಯ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಕಡಲತೀರದ 60 ಮೀಟರ್ ಪಟ್ಟಿ ಕಾನೂನಿನ ಪ್ರಕಾರ ಎಲ್ಲರದು. ಪುಂಟಾ ಕಾನಾದ ಎಲ್ ಕೊರ್ಟೆಸಿಟೊ ಕಡೆ ಸಣ್ಣ ಹೋಟೆಲ್ ಹಿಡಿದರೂ ಸಿಗೋದು ರೆಸಾರ್ಟ್‌ಗಳ ಮುಂದಿನ ಅದೇ ಬಾವಾರೊ ಬೀಚ್. ಒರಗಿ ಮಲಗುವ ಕುರ್ಚಿ, ಟವೆಲ್ ಮಾತ್ರ ರೆಸಾರ್ಟಿನವರದು.

ಉಳಿದ ರಾತ್ರಿಗಳನ್ನು ರಾಜಧಾನಿ ಸ್ಯಾಂಟೊ ಡೊಮಿಂಗೊದ ಹಳೇ ಊರು ಜೋನಾ ಕೊಲೋನಿಯಾಲ್‌ಗೆ ಇಟ್ಟುಕೊಳ್ಳಿ. ಕೊಲಂಬಸ್‌ನ ತಮ್ಮ 1496ರಲ್ಲಿ ಕಟ್ಟಿಸಿದ ಊರು ಇದು. 1502ರಲ್ಲಿ ಒಸಾಮಾ ನದಿಯ ಆಚೆ ದಡದಿಂದ ಈ ದಡಕ್ಕೆ ಬಂತು. ಲಾಸ್ ದಾಮಾಸ್ ಬೀದಿಯಲ್ಲಿ ಬಿಸಿಲು ಏರುವ ಮೊದಲೇ ನಡೆಯಿರಿ. ಅಲ್ಲಿಯ ದೊಡ್ಡ ಚರ್ಚ್ ಕೆಥೆಡ್ರಲ್‌ಗೆ ಮೊಣಕಾಲು, ಭುಜ ಮುಚ್ಚುವ ಬಟ್ಟೆ ಇರಲಿ.

ಮಧ್ಯಾಹ್ನ ಮಾತ್ರ ಚೌಕದ ಹೋಟೆಲ್‌ಗಳಿಗೆ ಹೋಗಬೇಡಿ. ಮೆನುವಿನ ಬೆಲೆಯ ಮೇಲೆ 18 ಪರ್ಸೆಂಟ್ ತೆರಿಗೆ, 10 ಪರ್ಸೆಂಟ್ ಸರ್ವಿಸ್ ಸೇರಿ ಬಿಲ್ ಬರುತ್ತದೆ. ನಾಲ್ಕು ಬೀದಿ ಒಳಗೆ ಹೋದರೆ ಕೊಮೆದೋರ್‌ಗಳಿವೆ, ಅಂದರೆ ನಮ್ಮ ಮೆಸ್ ಇದ್ದ ಹಾಗೆ. ನಾವು ಹಿಡಿದ ಮೆಸ್‌ಗೆ ಬೋರ್ಡೂ ಇರಲಿಲ್ಲ. ಅಡುಗೆ ಮಾಡುವ ಅಮ್ಮ ಪಾತ್ರೆ ಮುಚ್ಚಳ ತೆಗೆದು ತೋರಿಸುತ್ತಾರೆ, ನಾವು ಬೆರಳು ತೋರಿಸಬೇಕು. ಗ್ವಾಂಡೂಲೆಸ್ ಹಾಕಿದ ಅನ್ನ ಬಂತು, ಬಾಯಿಗಿಟ್ಟರೆ ನಮ್ಮ ಹಸಿ ತೊಗರಿಕಾಳೇ! ತೆಂಗಿನ ಹಾಲಲ್ಲಿ ಬೇಯಿಸಿದ್ದರು. ಜೊತೆಗೆ ಕೆಂಪು ಹುರುಳಿಕಾಯಿ ಬೀಜದ ಗೊಜ್ಜು, ಕರಿದ ಬಾಳೆಕಾಯಿ, ಅವಕಾಡೊ. ತಳ ಹಿಡಿದ ಗರಿಗರಿ ಅನ್ನವನ್ನು ಕೆರೆದು ಬೇರೆಯಾಗಿ ಬಡಿಸಿದರು, ಅದಕ್ಕೇ ಅಲ್ಲಿ ಜಾಸ್ತಿ ಬೇಡಿಕೆ. ಪ್ರತಿ ಮಧ್ಯಾಹ್ನ ಅಲ್ಲೇ ಉಂಡೆವು. ಸಸ್ಯಾಹಾರಿಗಳು ಮಾಂಸ ಬೇಡ ಅಂದರೆ ಸಾಲದು, ಕೋಳಿ, ಹಂದಿ ಎರಡೂ ಬೇಡ ಅಂತ ಹೆಸರು ಹಿಡಿದು ಹೇಳಿ.

ರಾಜಧಾನಿಯಿಂದ ಪುಂಟಾ ಕಾನಾಕ್ಕೆ ಬಸ್ ಇದೆ, ಅಗ್ಗವೂ ಹೌದು. ಆದರೆ ಏಸಿ ಹೇಗಿತ್ತೆಂದರೆ ಊರಿನವರೆಲ್ಲ ಜಾಕೆಟ್, ಕಂಬಳಿ ತಂದಿದ್ದರು, ನಾವು ತೆಳು ಅಂಗಿಯಲ್ಲಿ ನಡುಗುತ್ತಾ ಕೂತಿದ್ದೆವು. ಡ್ರೈವರ್‌ಗೆ ಹೇಳಿದರೆ ಸುಮ್ನೆ ನಕ್ಕ. ಇಳಿದ ಜಾಗದಿಂದ ರೆಸಾರ್ಟ್ ಇನ್ನೂ ದೂರ, ಅಲ್ಲಿಯ ಟ್ಯಾಕ್ಸಿಯವನು ಬಸ್ ಟಿಕೆಟ್‌ಗಿಂತ ಜಾಸ್ತಿ ಕೇಳಿದ. ಸ್ವೆಟರ್ ಕೈಚೀಲದಲ್ಲೇ ಇರಲಿ, ಕೆಳಗಿನ ಡಿಕ್ಕಿಗೆ ಹಾಕಬೇಡಿ. ಟ್ಯಾಕ್ಸಿ ದರವನ್ನು ಹತ್ತುವ ಮೊದಲೇ ಮಾತಾಡಿ.

ದೇಶದೊಳಗೆ ಹೋಗಲು, ಹೊರಡಲು ಎರಡಕ್ಕೂ ಇ-ಟಿಕೆಟ್ ಅನ್ನೋ ಆನ್‌ಲೈನ್ ಫಾರಂ ತುಂಬಬೇಕು. ಸರ್ಕಾರಿ ಸೈಟ್‌ನಲ್ಲಿ ಅದು ಪುಕ್ಕಟೆ. ಅದೇ ಥರ ಕಾಣುವ ಬೇರೆ ಸೈಟ್‌ಗಳು ಡಾಲರ್ ಕೇಳುತ್ತವೆ, ಕಾರ್ಡ್ ನಂಬರ್ ಕೇಳಿದ ಕೂಡಲೇ ಮುಚ್ಚಿಬಿಡಿ.