ಮಿರಜಕ್ಕೆ ಹೋದರೆ ದೂರು ಯಾರಿಗೆ?

ನಮ್ಮ ಅಥಣಿ ಕಡೆ ದೊಡ್ಡ ಕಾಯಿಲೆ ಅಂದರೆ ಜನರ ಬಾಯಲ್ಲಿ ಬೆಳಗಾವಿಗಿಂತ ಮೊದಲು ಬರುವುದು ಗಡಿಯಾಚೆ ಮಹಾರಾಷ್ಟ್ರದ ಮಿರಜ. ಹತ್ತಿರ, ಹಳೇ ರೂಢಿ, ಅಲ್ಲಿನ ದವಾಖಾನೆಗಳಲ್ಲಿ ಕನ್ನಡವೂ ನಡೆಯುತ್ತದೆ. ಬೇರೆ ರಾಜ್ಯಕ್ಕೆ ಬಂದಿದ್ದೇವೆ ಅಂತ ನೆನಪಾಗುವುದು ಬಿಲ್ಲಿನ ಜಗಳ ಶುರುವಾದಾಗಲೇ.

ಹೋದ ವರ್ಷ ನಮ್ಮ ಮಾವನವರ ಆಪರೇಷನ್ ಆದಮೇಲೆ ಅದೇ ಆಯಿತು. ಬಿಲ್ಲು ಮೊದಲು ಹೇಳಿದ್ದಕ್ಕಿಂತ ಬಹಳ ಜಾಸ್ತಿ, ಕೇಸ್ ಪೇಪರ್ ಕೇಳಿದರೆ ‘ನಾಳೆ ಬನ್ನಿ’. ಊರಲ್ಲಿ ಎಲ್ಲರದೂ ಒಂದೇ ಸಲಹೆ, ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸಿಗೆ ಅರ್ಜಿ ಹಾಕಿರಿ ಅಂತ. ಆದರೆ ಬೆಳಗಾವಿ ಡಿಎಚ್‌ಒ ಮಾತು ಮಿರಜದಲ್ಲಿ ನಡೆಯುವುದಿಲ್ಲ.

ನಮ್ಮ ಕರ್ನಾಟಕದ ಖಾಸಗಿ ಆಸ್ಪತ್ರೆಗಳಿಗೆ 2007ರ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರ ನೋಂದಣಿ ಕೊಡುತ್ತದೆ, ದೂರನ್ನೂ ಕೇಳುತ್ತದೆ. 2017ರ ನವೆಂಬರ್‌ನಲ್ಲಿ ಅದನ್ನು ಬಿಗಿ ಮಾಡಲು ಹೊರಟಾಗ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ, ಬೆಳಗಾವಿಯಲ್ಲೇ ವೈದ್ಯರ ಧರಣಿ, ರಾಜ್ಯದ ತುಂಬ ಒಪಿಡಿ ಬಂದ್. ಕೊನೆಗೆ ಸ್ವಲ್ಪ ಮೆತ್ತಗಾಗಿ ಪಾಸಾಯಿತು. ಬಾಕಿ ಹಣಕ್ಕಾಗಿ ಶವ ಹಿಡಿದಿಟ್ಟುಕೊಳ್ಳುವಂತಿಲ್ಲ ಅನ್ನುವುದು ಉಳಿಯಿತು. ಸರ್ಕಾರಿ ಆಸ್ಪತ್ರೆಗಳನ್ನು ಮಾತ್ರ ಹೊರಗಿಟ್ಟರು, ಅದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಇದೆಲ್ಲ ಗಡಿಯಲ್ಲೇ ನಿಂತುಬಿಡುತ್ತದೆ. ಆ ಕಡೆ ನಡೆಯುವುದು ಮಹಾರಾಷ್ಟ್ರದ 1949ರ ನರ್ಸಿಂಗ್ ಹೋಂ ನೋಂದಣಿ ಕಾಯ್ದೆ, ನಗರದಲ್ಲಿ ಅದನ್ನು ನೋಡಿಕೊಳ್ಳುವುದು ಮಹಾನಗರಪಾಲಿಕೆ.

ಗಡಿ ದಾಟಿಯೂ ನಮ್ಮ ಜೊತೆ ಬರುವುದು ಎರಡಿವೆ. ರೋಗಿ ಅಥವಾ ಅವರ ಪರವಾಗಿ ಅಧಿಕಾರ ಇರುವವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅನ್ನುವ 2002ರ ವೈದ್ಯಕೀಯ ನಿಯಮ ಇಡೀ ದೇಶಕ್ಕೆ. ಬಾಯಿಮಾತಲ್ಲಿ ಕೇಳಬೇಡಿ, ಬರೆದು ಕೊಟ್ಟು ಸಹಿ ತಗೊಳ್ಳಿ. ನಾವು ನಿಯಮದ ಹೆಸರು ಬರೆದು ಕೊಟ್ಟಮೇಲೆಯೇ ಫೈಲು ಹೊರಬಂತು. ಇನ್ನೊಂದು ಗ್ರಾಹಕ ಆಯೋಗ. ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆಯೂ ಸೇವೆಯೇ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, 2019ರ ಕಾಯ್ದೆ ಬಂದಮೇಲಂತೂ ದೂರು ಕೊಡುವವರು ಎಲ್ಲಿ ವಾಸ ಮಾಡುತ್ತಾರೋ ಅಲ್ಲೇ ಕೇಸು ಹಾಕಬಹುದು. ಅಂದರೆ ಆಸ್ಪತ್ರೆ ಮಿರಜದ್ದಾದರೂ ಕೇಸು ಬೆಳಗಾವಿಯಲ್ಲಿ! ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ 2 ವರ್ಷದೊಳಗೆ ಹಾಕಬೇಕು.

ವೈದ್ಯರ ನಡತೆಯ ಬಗ್ಗೆಯೇ ದೂರಿದ್ದರೆ ಅದು ಬೇರೆ ದಾರಿ. ಅವರು ಅಲ್ಲಿ ನೋಂದಾಯಿಸಿದ್ದರೆ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ಗೆ ಬರೆಯಬೇಕು, ನಮ್ಮ ಬೆಂಗಳೂರಿನ ಕೌನ್ಸಿಲ್‌ಗೆ ಅಲ್ಲ.